ಮೀಟರು ಮೊದಲು ಯಾರಿಗೆ?

ವಿದ್ಯುತ್ ಕಳವು ಪತ್ತೆಹಚ್ಚುವ ಸಾಫ್ಟ್‌ವೇರ್ ತಯಾರಿಸುವ ಕಂಪನಿಯೊಂದರ ಎಂಜಿನಿಯರ್ ಒಬ್ಬರು, ಸರ್ಕಾರಿ ಲೆಕ್ಕ ತಪಾಸಣೆಯಲ್ಲೇ ಆಯುಷ್ಯ ಸವೆಸಿ ನಿವೃತ್ತರಾದ ಆಡಿಟರ್ ಇನ್ನೊಬ್ಬರು. ದಕ್ಷಿಣ ಆಫ್ರಿಕಾದ ಟೆಂಡರೊಂದಕ್ಕೆ ಎಂಜಿನಿಯರ್ ತಯಾರಾಗುತ್ತಿದ್ದಾಗ ಇಬ್ಬರ ನಡುವೆ ನಡೆದ ಮಾತು ಇದು.

ಎಂಜಿನಿಯರ್: ಕಳವು ಹಿಡಿಯೋಕೆ ಈಗ ಪತ್ತೇದಾರ ಬೇಕಿಲ್ಲ, ಕೂಡಿ ಕಳೆಯೋಕೆ ಬಂದರೆ ಸಾಕು. ಟ್ರಾನ್ಸ್‌ಫಾರ್ಮರಿಗೆ ಒಂದು ಮೀಟರು ಹಾಕಿ, ಅದರಿಂದ ಕರೆಂಟು ಪಡೆಯುವ ಪ್ರತಿ ಮನೆಗೂ ಒಂದೊಂದು ಹಾಕಿ. ಮೇಲಿನ ಮೀಟರಿನಲ್ಲಿ ನೂರು ಯೂನಿಟ್ ಹೋಗಿ, ಕೆಳಗಿನವೆಲ್ಲ ಸೇರಿ ಎಪ್ಪತ್ತು ತೋರಿಸಿದರೆ, ತಂತಿಯಲ್ಲಿ ಬಿಸಿಯಾಗಿ ಹೋಗುವ ಒಂದಿಷ್ಟನ್ನು ಬಿಟ್ಟು ಉಳಿದದ್ದು ಯಾರದೋ ಕೊಕ್ಕೆಗೆ ಸಿಕ್ಕಿದೆ ಅಂತ ಅರ್ಥ. ಮುಚ್ಚಳ ತೆಗೆದರೆ, ಪಕ್ಕದಲ್ಲಿ ಆಯಸ್ಕಾಂತ ಇಟ್ಟರೆ, ನ್ಯೂಟ್ರಲ್ ಕಿತ್ತರೆ, ಹೊಸ ಮೀಟರು ಹೊತ್ತು ಗಳಿಗೆ ಸಮೇತ ಬರೆದಿಟ್ಟುಕೊಳ್ಳುತ್ತೆ. ಈ ಅಂಕಿಗಳನ್ನೆಲ್ಲ ಒಂದೆಡೆ ತಂದು, ಯಾವ ಬೀದಿಯ ಯಾವ ಕಂಬದಲ್ಲಿ ಸೋರುತ್ತಿದೆ ಅಂತ ಬೆರಳಿಟ್ಟು ತೋರಿಸೋದು ನಮ್ಮ ಕೆಲಸ.

ಆಡಿಟರ್: ತೋರಿಸೋದು ಯಾರಿಗೆ?

ಎಂಜಿನಿಯರ್: ವಿದ್ಯುತ್ ಕಂಪನಿಗೆ. ದುಡ್ಡು ಕೊಡೋರು ಅವರೇ ತಾನೆ?

ಆಡಿಟರ್: ನನ್ನ ತಕರಾರು ಅಲ್ಲೇ ಇದೆ, ಆದರೆ ಅವಸರ ಬೇಡ. ನೀವು ಹೋಗ್ತಿರೋದು ದಕ್ಷಿಣ ಆಫ್ರಿಕಾಕ್ಕೆ. ಮೀಟರಿನ ವಿಷಯದಲ್ಲಿ ಅವರಿಗೆ ಪಾಠ ಹೇಳೋ ಸ್ಥಿತಿಯಲ್ಲಿ ನೀವಿಲ್ಲ ಅಂತ ಗೊತ್ತಲ್ಲ?

ಎಂಜಿನಿಯರ್: ಚೆನ್ನಾಗಿ ಗೊತ್ತು. ಪ್ರಿಪೇಯ್ಡ್ ಮೀಟರಿಗೆ ಜಗತ್ತಿನ ಅನೇಕ ದೇಶಗಳು ಬಳಸುವ ಎಸ್‌ಟಿಎಸ್ ಮಾನದಂಡ ಹುಟ್ಟಿದ್ದೇ ಅಲ್ಲಿ. 1990ರ ಸುಮಾರಿಗೆ ಆ ದೇಶದ ಮೂರು ಮನೆಯಲ್ಲಿ ಎರಡಕ್ಕೆ ಕರೆಂಟು ಇರಲಿಲ್ಲ. ಸರ್ಕಾರಿ ಒಡೆತನದ ಎಸ್ಕಾಮ್ ಕಂಪನಿ ಲಕ್ಷಗಟ್ಟಲೆ ಮನೆಗೆ ಒಮ್ಮೆಲೇ ತಂತಿ ಎಳೆಯಬೇಕಿತ್ತು. ಬೀದಿಗೆ ಹೆಸರಿಲ್ಲದ, ಮನೆಗೆ ನಂಬರಿಲ್ಲದ ಕಡೆ ಬಿಲ್ಲು ಹಂಚೋದು ಹೇಗೆ? ಅದಕ್ಕೆ ಅಂಗಡಿಯಲ್ಲಿ ದುಡ್ಡು ಕೊಟ್ಟು 20 ಅಂಕಿಯ ಟೋಕನ್ ತಂದು, ಮನೆಯ ಮೀಟರಿನಲ್ಲಿ ಒತ್ತೋ ವ್ಯವಸ್ಥೆ ಮಾಡಿದರು. ಮೀಟರಿಗೆ ಹೊರಗಿನ ಸಂಪರ್ಕವೇ ಬೇಕಿಲ್ಲ. ಒಳಗೊಂದು ಗುಪ್ತ ಕೀಲಿ ಇರುತ್ತೆ, ಟೋಕನ್ ಆ ಕೀಲಿಗೆ ಹೊಂದಿದರೆ ಯೂನಿಟ್ ಜಮೆ.

ಆಡಿಟರ್: ಒಂದೇ ಟೋಕನ್ ಎರಡು ಸಲ ಒತ್ತಿದರೆ?

ಎಂಜಿನಿಯರ್: ಅದನ್ನೂ ಯೋಚಿಸಿದ್ದರು. 1993ರ ಜನವರಿ 1ರಿಂದ ಎಷ್ಟು ನಿಮಿಷ ಕಳೆದಿದೆ ಅನ್ನೋದು ಪ್ರತಿ ಟೋಕನ್ನಿನ ಗುರುತು ಸಂಖ್ಯೆ. ಒಮ್ಮೆ ಬಳಸಿದ ಸಂಖ್ಯೆಯನ್ನು ಮೀಟರು ಮತ್ತೆ ಒಪ್ಪಲ್ಲ. ಆ ಸಂಖ್ಯೆಗೆ ಕೊಟ್ಟ ಜಾಗ 24 ಬಿಟ್, ಅಂದರೆ 1,67,77,216 ನಿಮಿಷ, ಹತ್ತಿರಹತ್ತಿರ 32 ವರ್ಷ. 2024ರ ನವೆಂಬರ್ 24ಕ್ಕೆ ಆ ಎಣಿಕೆ ಮುಗೀತು. ಅಷ್ಟರೊಳಗೆ ಪ್ರತಿ ಮೀಟರಿಗೂ ವಿಶೇಷ ಟೋಕನ್ ಒತ್ತಿ ಕೀಲಿ ಬದಲಾಯಿಸಬೇಕಿತ್ತು. ಬದಲಾಯಿಸದ ಮೀಟರು ಮುಂದೆ ಯಾವ ಟೋಕನ್ನನ್ನೂ ಒಪ್ಪೋದಿಲ್ಲ.

ಆಡಿಟರ್: ತಾಂತ್ರಿಕ ತೊಂದರೆ ಅಂತ ಶುರುವಾಗಿ ದೇಶವ್ಯಾಪಿ ಆಡಿಟ್ ಆಗಿಬಿಟ್ಟಿತು ಅನ್ನಿ.

ಎಂಜಿನಿಯರ್: ಹಾಗೇ ಆಯಿತು. ಟೋಕನ್ ಕೊಳ್ಳೋರಿಗೆ ಹೊಸ ಕೀಲಿ ಅಂಗಡಿಯಲ್ಲೇ ಸಿಗುತ್ತಿತ್ತು. ಗಡುವು ಹತ್ತಿರ ಬಂದರೂ ಲಕ್ಷಗಟ್ಟಲೆ ಮೀಟರು ಬದಲಾಗದೇ ಉಳಿದಾಗ, ಆ ಮನೆಯವರಲ್ಲಿ ಬಹಳಷ್ಟು ಜನ ಅಂಗಡಿಗೆ ಹೋಗಿಯೇ ಇಲ್ಲ ಅನ್ನೋದು ಬಯಲಾಯಿತು. ಕೆಲವರು ಮೀಟರನ್ನು ತಪ್ಪಿಸಿ ನೇರವಾಗಿ ತಂತಿ ಎಳೆದುಕೊಂಡಿದ್ದರು. ಇನ್ನು ಕೆಲವರು ಟೋಕನ್ ಒತ್ತುತ್ತಿದ್ದರು, ಆದರೆ ಅದು ಕಳ್ಳ ಟೋಕನ್.

ಆಡಿಟರ್: ಅಲ್ಲಿ ನಿಲ್ಲಿ. ಗುಪ್ತ ಕೀಲಿಗೆ ಹೊಂದುವ ಕಳ್ಳ ಟೋಕನ್ ಹುಟ್ಟೋದು ಎಲ್ಲಿಂದ? ಗುಡಿಸಲಲ್ಲಿ ಕೂತು ಯಾರೂ ಅದನ್ನು ಲೆಕ್ಕ ಹಾಕೋಕೆ ಆಗಲ್ಲ ತಾನೆ?

ಎಂಜಿನಿಯರ್: ಆಗಲ್ಲ. ಅದಕ್ಕೆ ಟೋಕನ್ ತಯಾರಿಸೋ ಯಂತ್ರವೇ ಬೇಕು. ಹಿಂದೆ ಅಂಗಡಿಗಳಲ್ಲಿ ಇಡುತ್ತಿದ್ದ ಯಂತ್ರಗಳು ನೆಟ್‌ವರ್ಕ್ ಇಲ್ಲದೇ ಕೆಲಸ ಮಾಡುತ್ತಿದ್ದವು. ಅವು ಕಳುವಾದಾಗ ಕದ್ದವನ ಕೈಗೆ ಸಿಕ್ಕಿದ್ದು ನೋಟು ಅಚ್ಚುಹಾಕುವ ಯಂತ್ರ ಸಿಕ್ಕಿದ ಹಾಗೆ: ಟೋಕನ್ ಖೋಟಾ ಅಲ್ಲ, ಅಪ್ಪಟ ಅಸಲಿ, ಕಂಪನಿಯ ಖಜಾನೆಗೆ ಮಾತ್ರ ಕಾಸು ಬರಲ್ಲ. ಘೋಸ್ಟ್ ವೆಂಡಿಂಗ್ ಅಂತಾರೆ ಅದಕ್ಕೆ. ಆ ಬಾಗಿಲು ಮುಚ್ಚೋಕೆ ಮಾರಾಟವನ್ನೆಲ್ಲ ಆನ್‌ಲೈನ್ ವ್ಯವಸ್ಥೆಗೆ ತಂದರು.

ಆಡಿಟರ್: ಆಮೇಲೆ?

ಎಂಜಿನಿಯರ್: ಆ ಆನ್‌ಲೈನ್ ವ್ಯವಸ್ಥೆಯೊಳಕ್ಕೇ ಕನ್ನ ಬಿದ್ದಿದೆ, ಅಕ್ರಮ ಟೋಕನ್ ತಯಾರಾಗಿವೆ ಅಂತ 2024ರ ಡಿಸೆಂಬರಿನಲ್ಲಿ ವಾರ್ಷಿಕ ಲೆಕ್ಕದ ಜೊತೆ ಎಸ್ಕಾಮೇ ಒಪ್ಪಿಕೊಳ್ಳಬೇಕಾಯಿತು.

ಆಡಿಟರ್: ಹಾಗಾದರೆ ಕತೆಯನ್ನು ನಾನು ಜೋಡಿಸ್ತೀನಿ, ತಪ್ಪಿದ್ದರೆ ತಿದ್ದಿ. ಬಡವರ ಮನೆಯಲ್ಲಿ ಕಳವಾಗಬಾರದು ಅಂತ ಮೂವತ್ತು ವರ್ಷ ಮೀಟರನ್ನು ಗಟ್ಟಿ ಮಾಡುತ್ತಾ ಬಂದಿರಿ. ಮೀಟರು ಗಟ್ಟಿಯಾದಷ್ಟೂ ಕಳವು ಮೇಲಕ್ಕೆ ಹತ್ತಿತು. ಮನೆಯಿಂದ ಅಂಗಡಿಯ ಯಂತ್ರಕ್ಕೆ, ಅಲ್ಲಿಂದ ಕೇಂದ್ರದ ಸರ್ವರಿಗೆ. ಮೊದಲು ಕದಿಯೋಕೆ ಏಣಿ ಇದ್ದರೆ ಸಾಕಿತ್ತು, ಕೊನೆಗೆ ಪಾಸ್‌ವರ್ಡ್ ಬೇಕಾಯಿತು. ಪಾಸ್‌ವರ್ಡ್ ಇರೋದು ಒಳಗಿನವರ ಬಳಿ.

ಎಂಜಿನಿಯರ್: ತಿದ್ದೋಕೆ ಒಂದಿದೆ. ಮನೆಗಳ ಕಳವು ಸಣ್ಣದಲ್ಲ. ಒಂದು ಟ್ರಾನ್ಸ್‌ಫಾರ್ಮರ್ ತಾಳೋದಕ್ಕಿಂತ ಜಾಸ್ತಿ ಕೊಕ್ಕೆ ಬಿದ್ದರೆ ಅದು ಸುಟ್ಟುಹೋಗುತ್ತೆ. ಬಿಲ್ಲು ಕಟ್ಟಿದವರ ಮನೆಯೂ ಕತ್ತಲಾಗುತ್ತೆ. ನೆಲದ ಮೇಲೆ ಎಳೆದ ಬರಿ ತಂತಿ ತುಳಿದು ಮಕ್ಕಳು ಸಾಯ್ತಾರೆ. ಜೊಹಾನ್ಸ್‌ಬರ್ಗಿನ ಸೊವೆಟೊದಂಥ ಕಡೆ ಟ್ರಾನ್ಸ್‌ಫಾರ್ಮರ್ ಉಳಿಸಿಕೊಳ್ಳೋಕೆ ಅಂತಲೇ ಬೆಳಿಗ್ಗೆ ಸಂಜೆ ಇಡೀ ಬಡಾವಣೆಯ ಕರೆಂಟು ತೆಗೀತಾರೆ. ಬಡವರ ಪರ ಮಾತಾಡೋವಾಗ ಪಕ್ಕದ ಮನೆಯ ಬಡವನನ್ನೂ ಲೆಕ್ಕಕ್ಕೆ ತಗೊಳ್ಳಿ.

ಆಡಿಟರ್: ಒಪ್ಪಿದೆ. ಆದರೆ ಸೊವೆಟೊದ ಹಿಂದಿನ ಪುಟವನ್ನೂ ಓದಬೇಕಲ್ಲ? ವರ್ಣಭೇದದ ಆಡಳಿತಕ್ಕೆ ಎದುರಾಗಿ 1980ರ ದಶಕದಲ್ಲಿ ಬಾಡಿಗೆ, ಕರೆಂಟು ಬಿಲ್ಲು ಕಟ್ಟದಿರೋದೇ ಅಲ್ಲಿ ಚಳವಳಿ. ಆಡಳಿತ ಬದಲಾಯಿತು, ಬಾಕಿ ಬದಲಾಗಲಿಲ್ಲ. 2000ದಲ್ಲಿ ಸೊವೆಟೊ ವಿದ್ಯುತ್ ಬಿಕ್ಕಟ್ಟು ಸಮಿತಿ ಅಂತ ಹುಟ್ಟಿಕೊಂಡಿತು. ಎಸ್ಕಾಮ್ ಕತ್ತರಿಸಿದ ಮನೆಗಳಿಗೆ ಇವರೇ ಕಂಬ ಹತ್ತಿ ತಂತಿ ಸೇರಿಸಿಕೊಡುತ್ತಿದ್ದರು. ಆ ಕೆಲಸಕ್ಕೆ ಅವರಿಟ್ಟ ಹೆಸರು ಆಪರೇಷನ್ ಖನ್ಯಿಸಾ. ಸುಮಾರು ಹತ್ತು ವರ್ಷ ಕಳೆದ ಮೇಲೆ ಎಸ್ಕಾಮ್ ಕಳವಿನ ವಿರುದ್ಧ ಪ್ರಚಾರ ಶುರುಮಾಡಿದಾಗ ಅದಕ್ಕೂ ಇಟ್ಟದ್ದು ಅದೇ ಹೆಸರು! ಇಬ್ಬರೂ ತಾವು ನ್ಯಾಯದ ಕಡೆ ಇದ್ದೀವಿ ಅಂತ ನಂಬಿದ್ದರು. ಇದನ್ನು ನಿಮ್ಮ ಸಾಫ್ಟ್‌ವೇರ್ ಯಾವ ಕಾಲಮ್ಮಿನಲ್ಲಿ ಬರೆದುಕೊಳ್ಳುತ್ತೆ?

ಎಂಜಿನಿಯರ್: ಬರೆದುಕೊಳ್ಳಲ್ಲ. ಅದರ ಕಣ್ಣಿಗೆ ಎರಡೂ ಒಂದೇ, ಯೂನಿಟ್ ಹೋಗಿದೆ, ದುಡ್ಡು ಬಂದಿಲ್ಲ.

ಆಡಿಟರ್: ನಮ್ಮಲ್ಲೂ ಶುರುವಾಗಿದ್ದು ಹೀಗೇ ಅಲ್ಲವೇ? 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ದಾರಿಯಲ್ಲಿದ್ದ ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಅಲ್ಲೂ ಜೊಹಾನ್ಸ್‌ಬರ್ಗಿನ ಸುತ್ತ ವಿದ್ಯುತ್ ಬೆಳೆದದ್ದು ಚಿನ್ನದ ಗಣಿಗಾಗಿ. ಗಣಿಯೊಳಗೆ ಇಳಿದ ಕೂಲಿಯ ಮನೆಗೆ ಅದು ತಲುಪಿದ್ದು ಎಷ್ಟೋ ದಶಕ ಬಿಟ್ಟು. ಕೊನೆಗೆ ತಲುಪಿದವನಿಗೆ ಎಲ್ಲರಿಗಿಂತ ಮೊದಲು ಮೀಟರು. ನನಗೆ ಇರಿಸುಮುರಿಸಾಗೋದು ಆ ಸರದಿ ನೋಡಿ.

ಎಂಜಿನಿಯರ್: ಆದರೆ ಈಗ ಅಲ್ಲಿನ ವಿದ್ಯುತ್ ಸ್ಥಾವರಗಳಿಗೂ ಕಾವಲು ಬೇಕಾಗಿದೆ. ನಮ್ಮಂಥ ಕಂಪನಿಗಳಿಗೆ ದೊಡ್ಡ ಕೆಲಸ ಇರೋದೇ ಅಲ್ಲಿ. 2021ರ ನವೆಂಬರಿನಲ್ಲಿ ಲೆಥಾಬೊ ಸ್ಥಾವರಕ್ಕೆ ಸೇರಿದ ವಿದ್ಯುತ್ ಗೋಪುರವೊಂದು ಉರುಳಿತು. ಅದನ್ನು ಬಿಗಿದು ಹಿಡಿದಿದ್ದ ಆಧಾರ ತಂತಿಗಳನ್ನು ಯಾರೋ ಕತ್ತರಿಸಿದ್ದರು. ಲೋಹ ಕದ್ದಿರಲಿಲ್ಲ, ಏನನ್ನೂ ಕದ್ದಿರಲಿಲ್ಲ. ಆ ಮಾರ್ಗದಿಂದ ಕರೆಂಟು ಹೋಗುತ್ತಿದ್ದದ್ದು ಬಾಯ್ಲರುಗಳಿಗೆ ಕಲ್ಲಿದ್ದಲು ಹೊತ್ತೊಯ್ಯುವ ಕನ್ವೇಯರುಗಳಿಗೆ.

ಆಡಿಟರ್: ಕದಿಯೋಕೆ ಬಂದವನ ಕೆಲಸ ಅಲ್ಲ ಅದು.

ಎಂಜಿನಿಯರ್: ಮುಂದಿನ ವರ್ಷ ನವೆಂಬರಿನಲ್ಲೇ ಕ್ಯಾಮ್ಡೆನ್ ಸ್ಥಾವರದಲ್ಲಿ ದುರಸ್ತಿ ಗುತ್ತಿಗೆದಾರನ ಕೆಲಸಗಾರನೊಬ್ಬನನ್ನು ಹಿಡಿದರು. ಬೇರಿಂಗಿನ ಎಣ್ಣೆ ಹರಿದುಹೋಗಲಿ ಅಂತ ಅವನು ಬೇಕೆಂತಲೇ ಪ್ಲಗ್ ಬಿಚ್ಚಿದ್ದ ಅಂತ ಎಸ್ಕಾಮ್ ಹೇಳಿತು. ಆ ಡಿಸೆಂಬರಿನಲ್ಲಿ ಕೆಲವು ಸ್ಥಾವರಗಳ ಕಾವಲಿಗೆ ಸೈನಿಕರೇ ಬಂದು ನಿಂತರು.

ಆಡಿಟರ್: ಯಂತ್ರ ಕೆಟ್ಟರೆ ದುರಸ್ತಿಗೆ ಬಿಲ್ಲು. ಚೆನ್ನಾಗಿ ಓಡುತ್ತಿದ್ದರೆ ದುರಸ್ತಿಯವನಿಗೆ ಏನೂ ಇಲ್ಲ. ಗುತ್ತಿಗೆಯನ್ನು ಹಾಗೆ ಬರೆದರೆ ಪ್ಲಗ್ ಬಿಚ್ಚೋದು ಕಾಗದದ ಮೇಲೇ ಶುರುವಾಗಿರುತ್ತೆ. ಕಲ್ಲಿದ್ದಲಿನ ಕತೆಯೂ ಹೀಗೇ ತಾನೆ?

ಎಂಜಿನಿಯರ್: ಅದು ಇನ್ನೂ ಘೋರ. ಮಪುಮಲಾಂಗಾ ಪ್ರಾಂತ್ಯದಲ್ಲಿ ಗಣಿಯಿಂದ ಸ್ಥಾವರಕ್ಕೆ ಲಾರಿಯಲ್ಲಿ ಕಲ್ಲಿದ್ದಲು ಹೋಗುತ್ತೆ. ದಾರಿಯಲ್ಲಿ ಅಕ್ರಮ ಅಂಗಳಗಳಿವೆ. ಅಲ್ಲಿ ಒಳ್ಳೆ ಕಲ್ಲಿದ್ದಲು ಇಳಿಸಿ, ಕಲ್ಲು ಮಣ್ಣು ಬೆರೆತ ಗಣಿಕಸ ತುಂಬ್ತಾರೆ. ತೂಕ ಸರಿ ಇರುತ್ತೆ, ಕಾಗದ ಸರಿ ಇರುತ್ತೆ. ಉರಿಯದ ಕಲ್ಲು ಬಾಯ್ಲರಿಗೆ ಹೋಗಿ ಯಂತ್ರ ಸವೆದು ಘಟಕ ನಿಲ್ಲುತ್ತೆ. ಲಾರಿಗೆ ಜಿಪಿಎಸ್ ಹಾಕಿ, ಗೇಟಿನಲ್ಲಿ ಮಾದರಿ ತೆಗೆದು ಪರೀಕ್ಷೆ ಮಾಡಿದರೆ ಇದನ್ನು ತಡೀಬಹುದು.

ಆಡಿಟರ್: ಮಾದರಿ ತೆಗೆಯೋವನಿಗೆ ಲಾರಿಯವನು ದುಡ್ಡು ಕೊಡದಿದ್ದರೆ.

ಎಂಜಿನಿಯರ್: ಅದಕ್ಕೇ ಅಲ್ಲವೇ ತಂತ್ರಜ್ಞಾನ? ಮನುಷ್ಯನ ಕೈ ತಾಗದ ಹಾಗೆ ಯಂತ್ರವೇ ಮಾದರಿ ತೆಗೆದು, ಯಂತ್ರವೇ ಬರೆದು...

ಆಡಿಟರ್: ಯಂತ್ರ ಮಾರೋವನ ಕೈ? ಕುಸಿಲೆ ಸ್ಥಾವರ ನೆನಪಿಸಿಕೊಳ್ಳಿ. 4,800 ಮೆಗಾವಾಟ್, ಜಗತ್ತಿನ ಭಾರಿ ಕಲ್ಲಿದ್ದಲು ಸ್ಥಾವರಗಳಲ್ಲಿ ಒಂದು. ಅದರ ನಿಯಂತ್ರಣ ಮತ್ತು ಅಳತೆ ಉಪಕರಣಗಳ ಗುತ್ತಿಗೆ 2015ರಲ್ಲಿ ಸಿಕ್ಕಿದ್ದು ಎಬಿಬಿ ಅನ್ನೋ ಕಂಪನಿಗೆ. ಇಡೀ ಸ್ಥಾವರದಲ್ಲಿ ಒತ್ತಡ ಎಷ್ಟು, ಬಿಸಿ ಎಷ್ಟು ಅಂತ ಅಳೆದು ಹೇಳೋ ವ್ಯವಸ್ಥೆ ಅದು. ಅಳೆಯೋ ಕೆಲಸ ಹಿಡಿಯೋಕೆ ಆ ಕಂಪನಿ ಎಸ್ಕಾಮಿನ ದೊಡ್ಡ ಅಧಿಕಾರಿಗೆ ಲಂಚ ಕೊಟ್ಟಿತ್ತು. 2020ರಲ್ಲಿ 156 ಕೋಟಿ ರ್‍ಯಾಂಡ್ ಎಸ್ಕಾಮಿಗೆ ಮರಳಿಸೋಕೆ ಒಪ್ಪಿತು. 2022ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರಕ್ಕೆ ಇನ್ನೂ 250 ಕೋಟಿ ರ್‍ಯಾಂಡ್ ಕೊಡೋಕೆ ಒಪ್ಪಿ, ಅಮೆರಿಕ, ಸ್ವಿಟ್ಜರ್ಲೆಂಡ್‌ನಲ್ಲೂ ದಂಡ ತೆತ್ತಿತು. ಆಮೇಲೆ ಸಾಫ್ಟ್‌ವೇರಿನ ದೈತ್ಯ ಎಸ್‌ಎಪಿ. ದಕ್ಷಿಣ ಆಫ್ರಿಕಾ ಮತ್ತು ಇಂಡೊನೇಷ್ಯಾದಲ್ಲಿ ಕೊಟ್ಟ ಲಂಚದ ಮೊಕದ್ದಮೆ ಮುಗಿಸೋಕೆ 2024ರ ಜನವರಿಯಲ್ಲಿ 22 ಕೋಟಿ ಡಾಲರಿಗೂ ಹೆಚ್ಚು ಕೊಡೋಕೆ ಒಪ್ಪಿತು. ಆ ಪಟ್ಟಿಯಲ್ಲೂ ಎಸ್ಕಾಮ್ ಇತ್ತು. ಜಮಾಖರ್ಚು ಪಾರದರ್ಶಕ ಮಾಡ್ತೀವಿ ಅಂತ ಜಗತ್ತಿಗೆಲ್ಲ ಮಾರೋ ಸಾಫ್ಟ್‌ವೇರು, ಸ್ವಾಮಿ!

ಎಂಜಿನಿಯರ್: ಒಂದಿಬ್ಬರು ಕೆಟ್ಟರೆ ಕ್ಷೇತ್ರವೇ ಕೆಟ್ಟಿದೆ ಅನ್ನೋದು ಸರಿಯಲ್ಲ.

ಆಡಿಟರ್: ಕ್ಷೇತ್ರ ಕೆಟ್ಟಿದೆ ಅಂತ ನಾನು ಹೇಳ್ತಿಲ್ಲ. ಬಾಗಿಲು ಎಲ್ಲಿದೆ ಅಂತ ತೋರಿಸ್ತಿದೀನಿ. ಸರ್ಕಾರಿ ಭ್ರಷ್ಟಾಚಾರದ ತನಿಖೆಗೆ ಅಲ್ಲಿ ನೇಮಿಸಿದ ನ್ಯಾಯಮೂರ್ತಿ ರೇಮಂಡ್ ಜೋಂಡೊ ಆಯೋಗ 2018ರಿಂದ 2022ರವರೆಗೆ ಕೂತು ಬಿಡಿಸಿಟ್ಟದ್ದೂ ಇದನ್ನೇ. ಉತ್ತರ ಪ್ರದೇಶದ ಸಹಾರನ್‌ಪುರದಿಂದ ಹೋದ ಗುಪ್ತಾ ಕುಟುಂಬದ ನಂಟಿನ ಟೆಗೆಟಾ ಕಂಪನಿ 2016ರಲ್ಲಿ ಕಲ್ಲಿದ್ದಲು ಗಣಿಯೊಂದನ್ನು ಕೊಳ್ಳೋ ಹೊತ್ತಿಗೆ ಎಸ್ಕಾಮಿನಿಂದ ಸುಮಾರು 66 ಕೋಟಿ ರ್‍ಯಾಂಡ್ ಮುಂಗಡ ಹೋಯಿತು. ಎಷ್ಟು ಮನೆಗಳ ಎಷ್ಟು ವರ್ಷದ ಕೊಕ್ಕೆ ಸೇರಿದರೆ ಅಷ್ಟಾಗುತ್ತೆ? ಆ ವರ್ಗಾವಣೆಗೆ ಬೀಗ ಒಡೀಬೇಕಿರಲಿಲ್ಲ, ಸಹಿ ಬಿದ್ದರೆ ಸಾಕಿತ್ತು. ಎಲ್ಲ ಮೀಟರೂ ಆ ದಿನ ಸರಿಯಾಗೇ ಓಡುತ್ತಿದ್ದವು.

ಎಂಜಿನಿಯರ್: ಹಾಗಂತ ಸುಮ್ಮನಿರೋಕೆ ಆಗುತ್ತಾ? 2020ರಿಂದ ಎಸ್ಕಾಮಿನ ಮುಖ್ಯಸ್ಥರಾಗಿದ್ದ ಆಂಡ್ರೆ ಡಿ ರಾಯ್ಟರ್ ಸುಮ್ಮನಿರಲಿಲ್ಲ. ತಿಂಗಳಿಗೆ ನೂರು ಕೋಟಿ ರ್‍ಯಾಂಡ್ ಸೋರುತ್ತಿದೆ ಅನ್ನೋದು ಅವರ ಅಂದಾಜು. 2022ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟ ಹೊತ್ತಿಗೇ ತನ್ನ ಕಾಫಿಗೆ ಸಯನೈಡ್ ಬೆರೆಸಿದ್ದರು ಅಂತ ಅವರು ಹೇಳಿದರು. ಪೊಲೀಸರ ಮೇಲೆ ನಂಬಿಕೆ ಹೋಗಿ ಖಾಸಗಿ ತನಿಖೆಯನ್ನೂ ಮಾಡಿಸಿದ್ದರು.

ಆಡಿಟರ್: ಆ ತನಿಖೆಯ ಗತಿ ಏನಾಯಿತು? ದುಡ್ಡು ಕೊಟ್ಟದ್ದು ವ್ಯಾಪಾರ ವಲಯ, ಮಾಡಿದ್ದು ಖಾಸಗಿ ಸಂಸ್ಥೆ. ಯಾರಿಗೆ ಉತ್ತರದಾಯಿ ಅಂತ ಸಂಸತ್ತಿನ ಸಮಿತಿ ಕೇಳಿದಾಗ ನೆಟ್ಟಗೆ ಉತ್ತರ ಇರಲಿಲ್ಲ. ಧೈರ್ಯವಂತರೇ, ಒಪ್ಪುತ್ತೀನಿ. ಆದರೆ ಗೂಢಚಾರರ ವರದಿಯಿಂದ ದೀಪ ಹತ್ತಲಿಲ್ಲ. 2024ರ ಮಾರ್ಚ್ ಕೊನೆಯಿಂದ ಮುನ್ನೂರಕ್ಕೂ ಹೆಚ್ಚು ದಿನ ಅಲ್ಲಿ ಲೋಡ್‌ಶೆಡ್ಡಿಂಗ್ ಆಗಲಿಲ್ಲ. ಅದರ ಹಿಂದೆ ಇದ್ದದ್ದು ಸಮಯಕ್ಕೆ ಸರಿಯಾದ ದುರಸ್ತಿ, ಕೆಟ್ಟು ನಿಂತಿದ್ದ ಕುಸಿಲೆಯ ಘಟಕಗಳ ವಾಪಸಾತಿ, ಜನ ತಮ್ಮ ಛಾವಣಿಗೆ ಹಾಕಿಕೊಂಡ ಸೌರಫಲಕ.

ಎಂಜಿನಿಯರ್: ಹಾಗಾದರೆ ದೆಹಲಿಯ ಮಾತು ಕೇಳಿ. 2002ರಲ್ಲಿ ಅಲ್ಲಿ ವಿತರಣೆ ಖಾಸಗಿಯವರ ಕೈಗೆ ಹೋಯಿತು. ಟಾಟಾ ಪವರ್ ವಹಿಸಿಕೊಂಡ ಉತ್ತರ ಭಾಗದಲ್ಲಿ ಆಗ ನಷ್ಟ ನೂರಕ್ಕೆ 53ರ ಆಸುಪಾಸು. ಈಗ ಒಂದಂಕಿಗೆ ಇಳಿದಿದೆ. ಕೊಕ್ಕೆ ಹಾಕಲಾಗದ ಹೊದಿಕೆ ತಂತಿ, ಕೆಲವೇ ಮನೆಗೊಂದು ಸಣ್ಣ ಟ್ರಾನ್ಸ್‌ಫಾರ್ಮರ್, ಎಲೆಕ್ಟ್ರಾನಿಕ್ ಮೀಟರು. 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಇತ್ತು, ವಿಶೇಷ ನ್ಯಾಯಾಲಯಗಳಿದ್ದವು. ತಂತ್ರಜ್ಞಾನ ಗೆಲ್ಲಲ್ಲ ಅಂತ ಹೇಗೆ ಹೇಳ್ತೀರಿ?

ಆಡಿಟರ್: ಗೆದ್ದಿದೆ. ಯಾಕೆ ಗೆಲ್ತು ಅನ್ನೋದೇ ನನಗೆ ಬೇಕಾದ್ದು. ಖಾಸಗಿಯವರನ್ನು ಆರಿಸಿದ ಬಿಡ್ಡಿನ ಅಳತೆ ಏನಿತ್ತು? ಐದು ವರ್ಷದಲ್ಲಿ ನಷ್ಟ ಎಷ್ಟು ಇಳಿಸ್ತೀರಿ ಅನ್ನೋದು. ಮಾತು ತಪ್ಪಿದರೆ ಹೊಡೆತ ಕಂಪನಿಗೆ, ಮಾತಿಗಿಂತ ಹೆಚ್ಚು ಇಳಿಸಿದರೆ ಅದಕ್ಕೂ ಪಾಲು. ಕಂಪನಿಯೊಳಕ್ಕೆ ಎಷ್ಟು ಯೂನಿಟ್ ಬಂತು ಅಂತ ಗಡಿಯಲ್ಲೇ ಅಳೆದು, ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಒಪ್ಪಿಸಬೇಕಿತ್ತು. ಅಂದರೆ ಮೊದಲ ಮೀಟರು ಬಿದ್ದದ್ದು ಕಂಪನಿಯ ಮೇಲೇ. ಮನೆ ಮೀಟರಿನ ಬಿಗಿ ಬಂದದ್ದು ಅದರ ಹಿಂದೆ.

ಎಂಜಿನಿಯರ್: ನಮ್ಮ ಕರ್ನಾಟಕದ ಪಂಪ್‌ಸೆಟ್ಟಿಗೆ ಈ ಮಾತು ಅನ್ವಯಿಸಿ ನೋಡೋಣ. 10 ಎಚ್‌ಪಿವರೆಗೆ ಉಚಿತ, ಬಹುಪಾಲಿಗೆ ಮೀಟರಿಲ್ಲ. ರೈತರು ಮೀಟರು ಹಾಕೋಕೆ ಬಿಡಲ್ಲ.

ಆಡಿಟರ್: ರೈತ ಬಿಡಲ್ಲ ಅನ್ನೋದು ಅರ್ಧ ಸತ್ಯ. ಮೀಟರಿಲ್ಲದ ಕಡೆ ಬಳಕೆಯನ್ನು ಅಂದಾಜು ಮಾಡ್ತಾರೆ. ಆ ಅಂದಾಜಿನೊಳಗೆ ಏನನ್ನು ಬೇಕಾದರೂ ಮುಚ್ಚಿಡಬಹುದು: ಪೇಟೆಯ ಕಳವು, ಹಳೇ ತಂತಿಯ ಸೋರಿಕೆ, ಅಧಿಕಾರಿಯ ಕಣ್ಮುಚ್ಚಾಲೆ ಎಲ್ಲ ರೈತನ ಹೆಸರಿಗೆ ಬರೆದರೆ ಸಬ್ಸಿಡಿಯಾಗಿ ವಾಪಸ್ ಬರುತ್ತೆ. ಅಳತೆ ಬೇಡವಾದವರು ಹೊಲದಲ್ಲಿ ಮಾತ್ರ ಇಲ್ಲ. ರೈತನ ಬಾವಿಯ ಹತ್ತಿರ ಹೋಗದೆಯೇ ಅಳೆಯೋ ದಾರಿ ಇದೆಯಲ್ಲ?

ಎಂಜಿನಿಯರ್: ಇದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಬೇರೆ ಬೇರೆ ಫೀಡರ್ ಮಾರ್ಗ ಎಳೆದರು. ಪಂಪಿನ ಫೀಡರು ಸಬ್‌ಸ್ಟೇಷನ್ ಬಿಡೋ ಜಾಗದಲ್ಲಿ ಒಂದು ಮೀಟರಿದ್ದರೆ ಅಷ್ಟೂ ಹಳ್ಳಿಯ ನೀರಾವರಿ ಬಳಕೆ ಸಿಗುತ್ತೆ. ಒಬ್ಬ ರೈತನ ಜೊತೆಗೂ ಜಗಳ ಆಡಬೇಕಿಲ್ಲ. 2021ರಿಂದ ವಿತರಣಾ ಕಂಪನಿಗಳು ಮೂರು ತಿಂಗಳಿಗೊಮ್ಮೆ ಶಕ್ತಿ ಲೆಕ್ಕ ಕೊಡಬೇಕು ಅನ್ನೋ ಕೇಂದ್ರದ ನಿಯಮವೂ ಇದೆ.

ಆಡಿಟರ್: ನೋಡಿ, ನನಗೆ ಬೇಕಾದ ಸರದಿಯನ್ನು ನೀವೇ ಹೇಳಿದಿರಿ. ಸ್ಥಾವರದ ಗೇಟು ಮೊದಲು, ಆಮೇಲೆ ಸಬ್‌ಸ್ಟೇಷನ್, ಫೀಡರ್, ಟ್ರಾನ್ಸ್‌ಫಾರ್ಮರ್, ಕೊನೆಗೆ ಮನೆ. ಮೇಲಿನಿಂದ ಇಳಿದು ಬಂದ ಲೆಕ್ಕದಲ್ಲಿ ಕಳ್ಳ ಎಲ್ಲಿದ್ದರೂ ಸಿಕ್ಕಬೀಳ್ತಾನೆ. ಕೆಳಗಿನಿಂದ ಶುರುಮಾಡಿದರೆ ಸಿಗೋದು ಕೆಳಗಿನವನು ಮಾತ್ರ.

ಎಂಜಿನಿಯರ್: ತಾಂತ್ರಿಕವಾಗಿಯೂ ಅದೇ ಸರಿ. ಮೇಲಿನ ಮೀಟರಿಲ್ಲದೇ ಮನೆ ಮೀಟರುಗಳ ಮೊತ್ತವನ್ನು ಹೋಲಿಸೋಕೆ ಏನೂ ಇರಲ್ಲ. ಆದರೆ ಟೆಂಡರು ಬರೆಯೋರಿಗೆ ಮನೆ ಮೀಟರೇ ಇಷ್ಟ. ಲಕ್ಷಗಟ್ಟಲೆ ಬೇಕಾಗುತ್ತೆ, ಮೊತ್ತ ದೊಡ್ಡದು, ಉದ್ಘಾಟನೆಗೆ ಚೆನ್ನ. ಫೀಡರ್ ಮೀಟರು ಕೆಲವೇ ಸಾವಿರ.

ಆಡಿಟರ್: ಕೆಲವೇ ಸಾವಿರ, ಆದರೆ ಒಂದೊಂದೂ ಯಾವುದಾದರೂ ಅಧಿಕಾರಿಯ ಹೆಸರು ಹೇಳುತ್ತೆ. ಆ ಟೆಂಡರಿಗೆ ನೀವು ನಾಲ್ಕು ಷರತ್ತು ಹಾಕಿ ಅಂತೀನಿ ನಾನು. ಫೀಡರಿನ, ಟ್ರಾನ್ಸ್‌ಫಾರ್ಮರಿನ ಲೆಕ್ಕ ಊರಿನವರೆಲ್ಲ ನೋಡೋ ಹಾಗೆ ಪ್ರಕಟವಾಗಬೇಕು. ನಿಮ್ಮ ಯಂತ್ರ ಬರೆದದ್ದರ ಒಂದು ಪ್ರತಿ ನಿಯಂತ್ರಕರ ಬಳಿ ಇರಬೇಕು, ವಿದ್ಯುತ್ ಕಂಪನಿ ಅದನ್ನು ಅಳಿಸೋಕೆ ಆಗಬಾರದು. ಟೋಕನ್ ತಯಾರಿಸೋ ಕೀಲಿ ಒಬ್ಬನ ಕೈಯಲ್ಲಿ ಇರಬಾರದು. ಕೊನೆಯದು, ಈ ಟೆಂಡರಿಗಾಗಿ ನಿಮ್ಮ ಕಂಪನಿ ಯಾವ ಏಜೆಂಟನಿಗೆ ಎಷ್ಟು ಕಮಿಷನ್ ಕೊಟ್ಟಿದೆ ಅನ್ನೋದು ಒಪ್ಪಂದದ ಮೊದಲ ಪುಟದಲ್ಲೇ ಇರಬೇಕು.

ಎಂಜಿನಿಯರ್: ಮೂರನ್ನು ನಮ್ಮವರು ಒಪ್ಪಬಹುದು. ನಾಲ್ಕನೆಯದಕ್ಕೆ ಕಂಪನಿಯಲ್ಲೇ ಗಲಾಟೆಯಾಗುತ್ತೆ.

ಆಡಿಟರ್: ಆಗಲಿ. ಎಬಿಬಿಯ ಕುಸಿಲೆ ಗುತ್ತಿಗೆಯಲ್ಲಿ ಆ ಪುಟ ಇದ್ದಿದ್ದರೆ ಎಷ್ಟು ಕೋಟಿ ಉಳಿಯುತ್ತಿತ್ತು ಅಂತ ನಿಮ್ಮ ಹಣಕಾಸಿನವರನ್ನೇ ಕೇಳಿ.

ಎಂಜಿನಿಯರ್: ನನ್ನ ಕೈಲಿ ಆಗೋದು ಒಂದಿದೆ. ದರಪತ್ರದಲ್ಲಿ ಹಣದ ಕಂತುಗಳನ್ನು ತಿರುಗಿಸಿ ಬರೀತೀನಿ. ಮೊದಲ ಕಂತು ಸ್ಥಾವರದ ಗೇಟು ಮತ್ತು ಫೀಡರುಗಳ ಮೀಟರಿಗೆ, ಅವುಗಳ ಲೆಕ್ಕ ಒಂದು ವರ್ಷ ಪ್ರಕಟವಾದ ಮೇಲೆ ಮನೆಗಳ ಕೆಲಸ. ಬೇರೆಯವರಿಗಿಂತ ಕಡಿಮೆ ದರಕ್ಕೆ.

ಆಡಿಟರ್: ಅವರು ಬೇಡ ಅಂದರೆ?

ಎಂಜಿನಿಯರ್: ಬೇಡ ಅನ್ನೋಕೆ ಕಾರಣ ಬರೆದುಕೊಡಿ ಅಂತ ಕೇಳ್ತೀನಿ.

ಆಡಿಟರ್: ಅಷ್ಟು ಮಾಡಿ ಸಾಕು. ಟೆಂಡರು ಕೈತಪ್ಪಿದರೂ ಆ ಕಾಗದ ಒಬ್ಬ ಆಡಿಟರಿಗೆ ವರ್ಷವಿಡೀ ಕೆಲಸ ಕೊಡುತ್ತೆ.